ಐದನೆಯ ಪದದ ಮೊದಲಕ್ಷರ

ಜನವರಿ ೧೧

ಪೂಜ್ಯ ಮಾವನವರಿಗೆ,

ನಿಮ್ಮ ಸೊಸೆಯ ನಮಸ್ಕಾರಗಳು. ಮದುವೆಯಾಗಿ ಒಂಬತ್ತು ವರ್ಷವಾದ ಮೇಲೆ ಮೊದಲ ಸಲ ನಿಮಗೆ ಪತ್ರ ಬರೆಯುತ್ತಿದ್ದೇನೆ. ಅದೂ ಮನೆಯ ಸುದ್ದಿ ಹೇಳಲಿಕ್ಕಲ್ಲ, ಪ್ರೆಸ್ಸಿನ ಕೆಲಸಕ್ಕೆ. ಫೋನು ಮಾಡಬಹುದಿತ್ತು. ಆದರೆ ನಿಮಗೆ ಫೋನಿನಲ್ಲಿ ಸರಿಯಾಗಿ ಕೇಳಿಸುವುದಿಲ್ಲ ಎಂದು ನಿಮ್ಮ ಮಗ ಯಾವಾಗಲೋ ಹೇಳಿದ ನೆನಪು.

ನಾನು ಕರಡು ತಿದ್ದುವ ಪ್ರೆಸ್ಸಿನವರು ನೀವು ಮೂವತ್ತನಾಲ್ಕು ವರ್ಷದ ಹಿಂದೆ ಸಂಪಾದಿಸಿದ ‘ಆರೈಕೆಯ ಪದಗಳು’ ಪುಸ್ತಕವನ್ನು ಮತ್ತೆ ಅಚ್ಚು ಹಾಕುತ್ತಿದ್ದಾರೆ. ಸಂಪಾದಕರು ನನ್ನ ಮಾವನೆಂದು ನಾನಾಗಿ ಪ್ರೆಸ್ಸಿನ ಯಜಮಾನರಿಗೆ ಹೇಳಿಲ್ಲ. ಹೇಳಿದರೆ ಕೆಲಸ ಬೇರೆಯವರಿಗೆ ಹೋದೀತೆಂಬ ಹೆದರಿಕೆ. ಯಾಕೆಂದರೆ ಇಷ್ಟು ದಿನ ನಾನು ತಿದ್ದಿದ್ದೆಲ್ಲ ಬಸ್ಸಿನ ವೇಳಾಪಟ್ಟಿ, ಶಾಲೆಯ ಪಠ್ಯ, ಲಗ್ನಪತ್ರಿಕೆ. ಓದುತ್ತ ಓದುತ್ತ ಕೆಲಸ ಮರೆಯುವಂಥ ಪುಸ್ತಕ ಕೈಗೆ ಬಂದದ್ದು ಇದೇ ಮೊದಲು.

ನಾಲ್ಕು ಸಾಲಿನ ಪ್ರತಿ ಪದದ ಮೊದಲಕ್ಷರವನ್ನು ದಪ್ಪಗೆ ಅಚ್ಚು ಮಾಡಿಸಬೇಕೆಂದು ಯಜಮಾನರ ಆಸೆ. ಆ ದಪ್ಪಕ್ಷರಗಳು ಸರಿಯಾಗಿ ಕೂತಿವೆಯೇ ಎಂದು ನೋಡುವಾಗ ನಾನು ಉಳಿದ ಸಾಲನ್ನು ಅಡಿಪಟ್ಟಿಯಿಂದ ಮುಚ್ಚಿಬಿಡುತ್ತೇನೆ. ಯಾಕೆಂದರೆ ಸಾಲು ಕಂಡರೆ ಕಣ್ಣು ಅರ್ಥದ ಹಿಂದೆ ಓಡುತ್ತದೆ. ಹಾಗೆ ಮೊದಲ ಅಧ್ಯಾಯದ ಮೊದಲ ಏಳು ಪದಗಳನ್ನು ಮೇಲಿಂದ ಕೆಳಕ್ಕೆ ನೋಡುತ್ತಿದ್ದೆ. ಆ ಏಳು ಪದಗಳ ಮೊದಲ ಸಾಲುಗಳನ್ನು ಇಲ್ಲಿ ಇಳಿಸಿದ್ದೇನೆ, ನೀವೇ ನೋಡಿ.

ಇರುಳೆನದೆ ಹಗಲೆನದೆ ಹಾಸಿಗೆಯ ಬಳಿಯಿರ್ದು
ದುಗುಡವನು ಮೊಗದಲ್ಲಿ ತೋರದಿರು ರೋಗಿಯೆಡೆ
ಸೊಡರ ಬೆಳಕನು ಕಣ್ಗೆ ಬೀಳದೊಲು ಮರೆಮಾಡಿ
ಸೆರಗ ತುದಿಯಿಂ ಬೆವರನೊರಸು ನೋಯದ ತೆರದಿ
ಜತನದಿಂ ಮಗ್ಗುಲನು ಹೊರಳಿಸುತ ಬೆನ್ನಡಿಗೆ
ಮಾತು ಬೇಕೆನೆ ಮಾತು ಮೌನ ಬೇಕೆನೆ ಮೌನ
ತುಸು ಬಿಸಿಯ ನೀರಿನಲಿ ತುಟಿಯೊದ್ದೆ ಮಾಡುವುದು

ಮೊದಲಕ್ಷರಗಳನ್ನಷ್ಟೇ ಓದಿದರೆ ‘ಇದು ಸೊಸೆ ಜ ಮಾತು’. ಮೊದಲು ನಕ್ಕೆ. ಆಮೇಲೆ ನಗು ನಿಂತಿತು. ‘ಇದು’ ಒಂದು ಮಾತು, ‘ಸೊಸೆ’ ಒಂದು ಮಾತು, ‘ಮಾತು’ ಅನ್ನುವುದೂ ಒಂದು ಮಾತು. ನಡುವೆ ಆ ‘ಜ’ ಒಂದು ಹಲ್ಲಿಗೆ ಸಿಕ್ಕಿದ ಕಲ್ಲಿನ ಹಾಗೆ ಇದೆ.

ಈ ಪದಗಳನ್ನು ಬರೆದವನು ‘ಮುದಿವೈದ್ಯ’ ಎಂದು ನಿಮ್ಮ ಮುನ್ನುಡಿಯಲ್ಲಿದೆ. ವೈದ್ಯನ ಪುಸ್ತಕದಲ್ಲಿ ಸೊಸೆಗೇನು ಕೆಲಸ? ಇದು ನಿಮ್ಮ ಕಣ್ಣಿಗೆ ಎಂದಾದರೂ ಬಿದ್ದಿತ್ತೇ?

ಉತ್ತರದ ದಾರಿ ಕಾಯುವ,
ನಿಮ್ಮ ಸೊಸೆ

ಜನವರಿ ೨೦

ಸೊಸೆಗೆ,

ಪತ್ರ ಮುಟ್ಟಿತು. ಅಕ್ಷರ ಚೆನ್ನಾಗಿದೆ. ಎರಡು ಕಡೆ ವಾಕ್ಯವನ್ನು ‘ಯಾಕೆಂದರೆ’ ಎಂದು ಆರಂಭಿಸಿದ್ದೀಯೆ. ಒಂದು ಸಾಕಿತ್ತು.

ನಿನ್ನ ಪ್ರಶ್ನೆಗೆ ಬರುತ್ತೇನೆ. ನಮ್ಮ ಓಣಿಯ ಗೋಡೆಗೆ ನೀರಿನ ಇಲಾಖೆಯವರು ಹೋದ ತಿಂಗಳು ಅಂಟಿಸಿದ ಪ್ರಕಟಣೆ ಇನ್ನೂ ಇದೆ. ನಿನ್ನ ಪತ್ರ ಓದಿ ಮೆಟ್ಟಿಲಿಳಿದು ಹೋಗಿ ನೋಡಿದೆ. ಮೊದಲ ಸಾಲು ‘ಸಾರ್ವಜನಿಕರ’ ಎಂದು ಶುರು. ಎರಡನೆಯದು ‘ಕುಡಿಯುವ’, ಮೂರನೆಯದು ‘ಮಾರ್ಗದ’, ನಾಲ್ಕನೆಯದು ‘ಡಿಸೆಂಬರ್’. ಕೂಡಿಸಿ ಓದು. ‘ಸಾಕು ಮಾಡಿ.’ ಇಲಾಖೆಯ ಗುಮಾಸ್ತ ಗುಪ್ತವಾಗಿ ನಮಗೆ ಬುದ್ಧಿ ಹೇಳುತ್ತಿದ್ದಾನೆಂದು ತಿಳಿಯೋಣವೇ?

ಹುಡುಕುವವರಿಗೆ ಎಲ್ಲೆಲ್ಲೂ ಸಿಗುತ್ತದೆ. ಮುದಿವೈದ್ಯನೆಂಬವನು ಮದ್ದಿನ ಬಗ್ಗೆ ಇನ್ನೂ ಎರಡು ಗ್ರಂಥ ಬರೆದವನು. ಅವನ ಹೆಸರು ಇದರ ಹಸ್ತಪ್ರತಿಯ ಮೊದಲ ಹಾಳೆಯಲ್ಲೇ ಇದೆ. ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಪ್ರೆಸ್ಸಿನವರು ನನಗೆ ಕಳಿಸಿದ ಕರಡಿನಲ್ಲಿ ನೂರಾಹನ್ನೆರಡನೇ ಪುಟದ ಅಡಿಟಿಪ್ಪಣಿಯ ಅಂಕಿ ತಪ್ಪಿದೆ. ಸರಿಪಡಿಸು.

ಮಾವ

ಫೆಬ್ರವರಿ ೨

ಪೂಜ್ಯ ಮಾವನವರಿಗೆ,

‘ಸಾಕು ಮಾಡಿ’ ಓದಿ ನಾನು ನಕ್ಕಿದ್ದು ಪ್ರೆಸ್ಸಿನಲ್ಲಿ ಎಲ್ಲರಿಗೂ ಕೇಳಿಸಿತು. ನೀವು ಅದಕ್ಕಾಗಿ ಮೆಟ್ಟಿಲಿಳಿದು ಹೋದಿರಲ್ಲ, ಅದು ಇನ್ನೂ ಖುಷಿಯಾಯಿತು. ಆದರೆ ನಾನು ಸಾಕು ಮಾಡಲಿಲ್ಲ.

ನೀವು ಹೇಳಿದ್ದು ನ್ಯಾಯವೇ. ಅದಕ್ಕೆ ಪರೀಕ್ಷೆ ಮಾಡಿದೆ. ನಿಮ್ಮ ಪುಸ್ತಕದ ಒಂಬತ್ತು ಅಧ್ಯಾಯಗಳ ಆರಂಭ, ಪ್ರೆಸ್ಸಿನ ಕಪಾಟಿನಲ್ಲಿದ್ದ ಬೇರೆ ಹಳೆಯ ಪುಸ್ತಕಗಳ ಮೂವತ್ತೊಂದು ಪುಟ, ಒಟ್ಟು ನಲವತ್ತು ಕಡೆ ಅಡಿಪಟ್ಟಿ ಇಟ್ಟು ನೋಡಿದೆ. ಉಳಿದ ಮೂವತ್ತೊಂಬತ್ತರಲ್ಲಿ ಮೂರಕ್ಷರಕ್ಕಿಂತ ಮುಂದೆ ಯಾವುದೂ ನಡೆಯಲಿಲ್ಲ. ಒಂದು ಕಡೆ ‘ಕೋತಿ ಬಂ’ ಎಂದು ಬಂತು. ಉಸಿರು ಬಿಗಿಹಿಡಿದು ಕೆಳಗೆ ನೋಡಿದರೆ ಮುಂದಿನಕ್ಷರ ‘ಅ’. ಕೋತಿ ಬರಲೇ ಇಲ್ಲ. ನಿಮ್ಮ ಇಲಾಖೆಯ ಗುಮಾಸ್ತ ನಾಲ್ಕು ಅಕ್ಷರ ಮುಟ್ಟಿದ, ಅವನಿಗೆ ಬಹುಮಾನ ಕೊಡಬೇಕು. ಆದರೆ ಇಲ್ಲಿ ಏಳರಲ್ಲಿ ಆರು ಸರಿಯಾಗಿವೆ, ಅದೂ ಪುಸ್ತಕದ ಹೊಸ್ತಿಲಲ್ಲೇ.

ಇನ್ನೊಂದು ಮಾತು. ‘ಸೆರಗ ತುದಿಯಿಂ ಬೆವರನೊರಸು.’ ಯಾವ ಮುದಿ ಗಂಡಸಿಗೆ ಸೆರಗಿರುತ್ತದೆ ಮಾವ? ಸೆರಗೆಂದರೆ ಯಾವ ಬಟ್ಟೆಯ ಅಂಚೂ ಆದೀತು ಎಂದು ನೀವು ಹೇಳುತ್ತೀರಿ, ಗೊತ್ತು. ನಿಮ್ಮ ಪುಸ್ತಕದ ಕೊನೆಯ ಪದಕೋಶದಲ್ಲೂ ಹಾಗೇ ಇದೆ. ಸರಿ, ಬಿಡಿ. ಆದರೆ ಮದ್ದಿನ ಬಗ್ಗೆ ಎರಡು ಗ್ರಂಥ ಬರೆದವನು ಇಡೀ ಈ ಪುಸ್ತಕದಲ್ಲಿ ಒಂದೇ ಒಂದು ಮದ್ದಿನ ಹೆಸರೂ ಎತ್ತಿಲ್ಲವಲ್ಲ? ಇಲ್ಲಿರುವುದೆಲ್ಲ ಹೊರಳಿಸುವುದು, ಒರಸುವುದು, ಕಾಯುವುದು, ಸುಮ್ಮನೆ ಕೂರುವುದು. ವೈದ್ಯ ಬಂದು ನೋಡಿ ಹೋಗುವವನು. ಇದನ್ನು ಬರೆದವರು ಹೋಗದೆ ಉಳಿದವರು.

ಈಗ ‘ಜ’. ‘ಜತನ’ ಎಂಬ ಮಾತು ಪುಸ್ತಕದಲ್ಲಿ ಎಷ್ಟು ಸಲ ಬಂದಿದೆಯೆಂದು ಎಣಿಸಿದೆ. ಹನ್ನೆರಡು. ಹನ್ನೊಂದು ಪದಗಳ ನಡುವೆ, ಒಂದು ಮಾತ್ರ ಹೀಗೆ ಮೊದಲಲ್ಲಿ. ನಿಘಂಟು ತೆಗೆದೆ. ಜತನದ ಮೂಲ ‘ಯತ್ನ’, ನಡುವಿನ ರೂಪ ‘ಯತನ’. ಜತನ, ಯತನ ಎರಡಕ್ಕೂ ಮಾತ್ರೆ ಒಂದೇ, ಯಾವುದನ್ನಿಟ್ಟರೂ ಛಂದಸ್ಸು ಕೆಡುವುದಿಲ್ಲ. ‘ಜ’ದ ಜಾಗದಲ್ಲಿ ‘ಯ’ ಇಟ್ಟರೆ ‘ಇದು ಸೊಸೆಯ ಮಾತು.’

ಹಸ್ತಪ್ರತಿಯಲ್ಲಿ ಏನಿದೆ? ಅದನ್ನು ಓದಿದವರು ನೀವೊಬ್ಬರೇ.

ಊಟಕ್ಕೆ ಕೂತಾಗ ನಿಮ್ಮ ಮಗನಿಗೆ ಇದನ್ನೆಲ್ಲ ಹೇಳಿದೆ. ಅವರು ಕೈ ತೊಳೆದುಕೊಂಡು ಬಂದು, “ಅಪ್ಪ ತಿದ್ದಿರ್ತಾರೆ. ಅದರಲ್ಲಿ ಕೇಳೋದೇನಿದೆ?” ಅಂದರು. ನಿಮ್ಮ ವಿಷಯ ಬಂದರೆ ಅವರು ಅಷ್ಟು ಮಾತಾಡುವುದೇ ಹೆಚ್ಚು.

ನಿಮ್ಮ ಸೊಸೆ

ಫೆಬ್ರವರಿ ೧೩

ಸೊಸೆಗೆ,

ಹಸ್ತಪ್ರತಿ ಓದಿ ಮೂವತ್ತೈದು ವರ್ಷವಾಯಿತು. ಒಂದೊಂದು ಅಕ್ಷರದ ನೆನಪಿರುವುದಿಲ್ಲ. ಹಳೆಯ ಪ್ರತಿಗಳಲ್ಲಿ ಬರೆದವರ ಕೈತಪ್ಪು ಸಾವಿರ ಇರುತ್ತವೆ, ಅವನ್ನು ತಿದ್ದುವುದೇ ಸಂಪಾದಕನ ಕೆಲಸ. ಓದುಗರ ಕೈಗೆ ಕೊಡಬೇಕಾದ್ದು ಶುದ್ಧ ಪಾಠ.

ಮುದ್ರಿತ ಪ್ರತಿ ಹೇಗಿದೆಯೋ ಹಾಗೇ ಹೋಗಲಿ.

ಮಾವ

ಮಾರ್ಚ್ ೯

ಪೂಜ್ಯ ಮಾವನವರಿಗೆ,

ನೀವು ಬೈದರೂ ಸರಿ, ಮುಚ್ಚಿಡಲು ನನ್ನಿಂದಾಗದು. ಹೋದ ಗುರುವಾರ ರಜೆ ಹಾಕಿ, ಎರಡು ಬಸ್ಸು ಬದಲಿಸಿ, ನೀವು ಕೆಲಸ ಮಾಡಿದ ಗ್ರಂಥಾಲಯಕ್ಕೆ ಹೋಗಿದ್ದೆ.

ಹಸ್ತಪ್ರತಿಗಳ ಕೋಣೆ ಈಗಲೂ ಮೂರನೇ ಮಹಡಿಯಲ್ಲೇ ಇದೆ. ಉದ್ದನೆಯ ಮೇಜು, ಅದರ ಮೇಲೆ ಹಸಿರು ಬಟ್ಟೆ, ಮಬ್ಬು ಗಾಜಿನ ದೊಡ್ಡ ಕಿಟಕಿ. ಈಗಿನ ಮೇಲ್ವಿಚಾರಕಿ ನಿಮ್ಮ ಕೈಕೆಳಗೆ ಎರಡು ವರ್ಷ ಕೆಲಸ ಕಲಿತವರಂತೆ. “ಅವರಿದ್ದಾಗ ಈ ಕೋಣೇಲಿ ಜೋರಾಗಿ ಸೀನೋಕೂ ಭಯ ಆಗ್ತಿತ್ತು” ಅಂದರು. ಅಂದು ಸುತ್ತಲೂ ಒಮ್ಮೆ ನೋಡಿಕೊಂಡರು, ನೀವೆಲ್ಲಿ ನಿಂತಿದ್ದೀರೋ ಎಂಬ ಹಾಗೆ.

ಹತ್ತಿಯ ಕೈಗವಸು ಹಾಕಿಸಿ, ಹಸ್ತಪ್ರತಿಯನ್ನು ನನ್ನ ಮುಂದಿಟ್ಟರು. ಕಂದಿದ ದಪ್ಪ ಹಾಳೆ, ಕಪ್ಪು ಮಾಸಿ ಜೇನಿನ ಬಣ್ಣಕ್ಕೆ ತಿರುಗಿದ ಶಾಯಿ. ಹಳೆಯ ಅಕ್ಷರದ ತಿರುವುಗಳು ನನಗೆ ಪೂರ್ತಿ ಬರುವುದಿಲ್ಲ. ನಾನು ಏನನ್ನು ಹುಡುಕುತ್ತಿದ್ದೇನೆಂದು ಹೇಳದೆ, “ಈ ಐದನೇ ಪದ ಸ್ವಲ್ಪ ಓದ್ತೀರಾ?” ಎಂದು ಕೇಳಿದೆ. ಅವರು ಬೆರಳು ತಾಗಿಸದೆ, ಗಾಳಿಯಲ್ಲೇ ಸಾಲನ್ನು ಹಿಂಬಾಲಿಸುತ್ತ, “ಯತನದಿಂ ಮಗ್ಗುಲನು ಹೊರಳಿಸುತ…” ಎಂದು ಓದಿದರು. ನಾನು ಆ ಅಕ್ಷರದ ಮೇಲೆ ಬಗ್ಗಿದ್ದು ನೋಡಿ, “ಯಾಕೆ, ಬೇರೇನಾದ್ರೂ ಇರ್ಬೇಕಿತ್ತಾ?” ಅಂದರು.

ಆ ಅಕ್ಷರದ ಪಕ್ಕದಲ್ಲಿ, ಅಂಚಿನಲ್ಲಿ, ಸೀಸದ ಕಡ್ಡಿಯ ಸಣ್ಣದೊಂದು ಗೀರು ಇದೆ. ತೀರ ತೆಳು. ನೀವು ಅಲ್ಲಿ ನಿಂತಿದ್ದಿರಿ, ಯೋಚಿಸಿದ್ದಿರಿ, ಆಮೇಲೆ ಮುಂದೆ ಹೋಗಿದ್ದಿರಿ. ಅಡಿಟಿಪ್ಪಣಿಯಲ್ಲಿ ‘ಮೂಲದಲ್ಲಿ ಯತನ’ ಎಂದು ಎರಡು ಶಬ್ದ ಸೇರಿಸಿದ್ದರೆ ಸಾಕಿತ್ತು. ಸೇರಿಸಲಿಲ್ಲ. ನನಗೆ ಸಿಟ್ಟಿಲ್ಲ ಮಾವ. ನಿಜವಾಗಿಯೂ ತಿಳಿದುಕೊಳ್ಳಬೇಕಾಗಿದೆ, ಯಾಕೆ?

ಬಸ್ಸಿಗೆ ಹೊತ್ತಾದ್ದರಿಂದ ಮುಂದಿನ ಹಾಳೆಗಳನ್ನು ನೋಡಲಾಗಲಿಲ್ಲ.

ಮನೆಗೆ ಬಂದು ನಿಮ್ಮ ಮಗನಿಗೆ ಹೇಳಿದೆ. ಅವರು ಲಿಫ್ಟಿನ ಮೋಟಾರಿನ ಯಾವುದೋ ಭಾಗವನ್ನು ಹಳೆಯ ಪೇಪರಿನ ಮೇಲೆ ಬಿಚ್ಚಿಟ್ಟುಕೊಂಡು ಉಜ್ಜುತ್ತಿದ್ದರು. ತುಂಬ ಹೊತ್ತು ಉಜ್ಜಿದರು. ಆಮೇಲೆ, ಈ ಒಂಬತ್ತು ವರ್ಷದಲ್ಲಿ ನನಗೆ ಹೇಳದಿದ್ದದ್ದನ್ನು ಹೇಳಿದರು.

“ಹತ್ತೊಂಬತ್ತು ವರ್ಷ ನನಗೆ. ಕಾಲೇಜು ಬಿಟ್ಟು ಲಿಫ್ಟ್ ಕೆಲಸಕ್ಕೆ ಸೇರ್ಕೊಂಡೆ ಅಂತ ಅಪ್ಪನಿಗೆ ಕಾಗದ ಬರೆದೆ. ನಾಲ್ಕು ಪುಟ. ವಾರಕ್ಕೆ ಉತ್ತರ ಬಂತು. ಒಡೆದು ನೋಡಿದ್ರೆ ನನ್ನ ಕಾಗದಾನೇ. ಕೆಂಪು ಶಾಯಿಲಿ ಹದಿನೆಂಟು ತಪ್ಪು ಗುರುತು ಹಾಕಿ ವಾಪಸ್ ಕಳಿಸಿದ್ರು. ಒಂದೇ ಒಂದು ಮಾತಿಲ್ಲ. ಬೈಗುಳನೂ ಇಲ್ಲ. ಬೈದಿದ್ರೆ ಆಗ್ತಿತ್ತು.”

ಇಷ್ಟು ಹೇಳಿ, ಆ ಭಾಗವನ್ನು ಬೆಳಕಿಗೆ ಹಿಡಿದು ನೋಡಿ, “ಇದು ಇನ್ನೂ ಸ್ವಲ್ಪ ದಿನ ಓಡತ್ತೆ” ಅಂದು ಎದ್ದುಹೋದರು.

ಇದನ್ನು ನಿಮಗೆ ಬರೆಯಬಹುದೇ ಎಂದು ಅವರನ್ನು ಕೇಳಿಲ್ಲ. ಬರೆಯದಿರಲು ಮನಸ್ಸು ಒಪ್ಪಲಿಲ್ಲ.

ಪುಸ್ತಕ ಜೂನ್ ಮೊದಲ ವಾರ ಅಚ್ಚಿಗೆ ಹೋಗುತ್ತದೆ.

ನಿಮ್ಮ ಸೊಸೆ

ಏಪ್ರಿಲ್ ೨೦

ಪೂಜ್ಯ ಮಾವನವರಿಗೆ,

ಆರು ವಾರವಾಯಿತು, ನಿಮ್ಮಿಂದ ಪತ್ರವಿಲ್ಲ. ನಾನು ಮಿತಿ ಮೀರಿ ಬರೆದೆನೋ ಏನೋ. ಹಾಗಿದ್ದರೆ ಹೇಳಿಬಿಡಿ, ಕೇಳಿಕೊಳ್ಳುತ್ತೇನೆ. ಮೌನಕ್ಕಿಂತ ಬೈಗುಳ ವಾಸಿ. ಈ ಮಾತು ನನ್ನದಲ್ಲ, ಈ ಮನೆಯಲ್ಲಿ ಕಲಿತದ್ದು.

ಹುಷಾರಾಗಿದ್ದೀರಾ? ಅದೊಂದನ್ನಾದರೂ ಕಾರ್ಡಿನಲ್ಲಿ ಬರೆದು ಹಾಕಿ.

ನಿಮ್ಮ ಸೊಸೆ

ಮೇ ೪

ಸೊಸೆಗೆ,

ಆರೋಗ್ಯವಾಗಿದ್ದೇನೆ. ನಿನಗೆ ಐದು ಸಲ ಪತ್ರ ಬರೆದು ಹರಿದೆ. ಇದು ಆರನೆಯದು. ಇದನ್ನು ಹರಿಯದಿರಲೆಂದು ಮೊದಲೇ ಲಕೋಟೆಗೆ ಅಂಚೆಚೀಟಿ ಹಚ್ಚಿ ಇಟ್ಟುಕೊಂಡಿದ್ದೇನೆ.

ಹದಿನೆಂಟಲ್ಲ, ಇಪ್ಪತ್ತೊಂದು.

ಇದನ್ನು ಓದಿ ನಿನಗೆ ನನ್ನ ಮೇಲೆ ಹೇಸಿಗೆ ಬರಬಹುದು. ಆದರೆ ಇಪ್ಪತ್ತೊಂದು ಎಂದು ನನಗೆ ಯಾಕೆ ನೆನಪಿದೆ ಎಂಬುದನ್ನೂ ಕೇಳು. ಆ ಕಾಗದವನ್ನು ನಾನು ನಾಲ್ಕು ಸಲ ಓದಿದೆ. ಲಿಫ್ಟಿನ ಕೆಲಸವೆಂದರೆ ಹಗ್ಗಕ್ಕೆ ಜೋತುಬಿದ್ದು ಬಾವಿಯಂಥ ಕತ್ತಲೆಯಲ್ಲಿ ಇಳಿಯುವುದೆಂದು ಯಾರೋ ಹೇಳಿದ್ದರು. ಇವನು ಬಿದ್ದು ಸತ್ತರೆ? ತಾಯಿಯಿಲ್ಲದ ಹುಡುಗ. ಅದನ್ನು ಬರೆಯಬೇಕೆಂದು ಪೆನ್ನು ತೆರೆದೆ. ಬರೆಯಲು ಬರಲಿಲ್ಲ. ಕೈಯಲ್ಲಿದ್ದದ್ದು ಕೆಂಪು ಪೆನ್ನು. ಅದಕ್ಕೆ ಗೊತ್ತಿದ್ದ ಕೆಲಸ ಒಂದೇ. ಒಂದು ತಪ್ಪು ಗುರುತು ಹಾಕಿದೆ, ಸ್ವಲ್ಪ ಸಮಾಧಾನವಾಯಿತು. ಇನ್ನೊಂದು ಹಾಕಿದೆ. ಕೊನೆಗೆ ಬೇರೆ ಹಾಳೆಯಲ್ಲಿ ಬರೆಯೋಣವೆಂದುಕೊಂಡೆ. ಬೇರೆ ಹಾಳೆ ಖಾಲಿಯೇ ಉಳಿಯಿತು, ತಿದ್ದಿದ ಕಾಗದ ಅಂಚೆಗೆ ಹೋಯಿತು. ಅವನು ಮತ್ತೆ ಬರೆಯುತ್ತಾನೆ, ಆಗ ಸರಿಯಾಗಿ ಉತ್ತರಿಸೋಣ ಎಂದು ಕಾದೆ. ಅವನು ಬರೆಯಲಿಲ್ಲ. ಯಾರು ತಾನೇ ಬರೆದಾರು?

ಇನ್ನು ‘ಯ’. ಅದೂ ಅಂಥದ್ದೇ ಕಥೆ. ಆಗ ನನಗೆ ಮೂವತ್ತೇಳು. ನನ್ನ ಗುರುಗಳು ಇನ್ನೂ ಇದ್ದರು, ಅವರ ಮುಂದೆ ಕೈತಪ್ಪಿಲ್ಲದ ಪುಸ್ತಕ ಇಡಬೇಕೆಂಬ ಹಟ. ಹನ್ನೊಂದು ಕಡೆ ಜತನ, ಒಂದು ಕಡೆ ಯತನ. ಬರೆದವನು ಎಡವಿದ್ದಾನೆ ಎಂದು ತೀರ್ಮಾನಿಸಿದೆ. ಅಡಿಟಿಪ್ಪಣಿ ಹಾಕಬೇಕಿತ್ತು. ಹಾಕಿದರೆ ಓದಿದವರು ‘ನಿನಗೇಕೆ ಅನುಮಾನ ಬಂತು?’ ಎಂದು ಕೇಳುತ್ತಾರೆ. ನನಗೆ ಅನುಮಾನ ಬಂದೇ ಇಲ್ಲ ಎಂದು ತೋರಿಸಿಕೊಳ್ಳಬೇಕಿತ್ತು. ಬಂದಿತ್ತು. ನೀನು ಕಂಡ ಗೀರು ಅದೇ. ಫೆಬ್ರವರಿಯಲ್ಲಿ ನೆನಪಿಲ್ಲವೆಂದು ಬರೆದದ್ದು ಸುಳ್ಳು.

ಇಷ್ಟು ನಿನಗೆ ಗೊತ್ತಿದ್ದದ್ದೇ. ಈಗ ಗೊತ್ತಿಲ್ಲದ್ದು ಹೇಳುತ್ತೇನೆ. ಇದನ್ನು ಯಾರೂ ಕೇಳಿಲ್ಲ, ಕೇಳುವ ದಾರಿಯೂ ಇರಲಿಲ್ಲ.

ಹಸ್ತಪ್ರತಿಯಲ್ಲಿ ಪುಸ್ತಕ ನೀವು ಅಚ್ಚು ಮಾಡುತ್ತಿರುವಲ್ಲಿಗೆ ಮುಗಿಯುವುದಿಲ್ಲ. ಕೊನೆಯಲ್ಲಿ ಇನ್ನೂ ಐದು ಪದಗಳಿವೆ. ನಾನು ಅವನ್ನು ಕಿತ್ತುಹಾಕಿದೆ. ಅವು ಸಪ್ಪೆ. ‘ದಣಿ’ ಎಂಬ ಮಾತೇ ಮೂರು ಸಲ ಬರುತ್ತದೆ. ಉಳಿದ ಪುಸ್ತಕದಲ್ಲಿ ಹಾಸಿಗೆ, ನೀರು, ಬಟ್ಟೆ, ಬೆರಳು ಎಲ್ಲ ಕಣ್ಣಿಗೆ ಕಾಣುತ್ತವೆ. ಈ ಐದರಲ್ಲಿ ಏನೂ ಕಾಣುವುದಿಲ್ಲ. ಇವು ಬೇರೆ ಯಾರೋ ಸೇರಿಸಿದವು ಎಂದು ನಿರ್ಧರಿಸಿ, ಮುನ್ನುಡಿಯಲ್ಲೂ ಹೇಳದೆ ಬಿಟ್ಟೆ. ನಿನ್ನ ಮಾರ್ಚ್ ಪತ್ರ ಬಂದ ಮೇಲೆ ನನ್ನ ಹಳೆಯ ನಕಲು ಪುಸ್ತಕ ಹುಡುಕಿ ತೆಗೆದೆ. ಆ ಐದರ ಮೊದಲ ಸಾಲುಗಳು ಇವು.

ಮಾಳ್ಪವರ ಕೈ ದಣಿಯೆ ಮನ ದಣಿಯದಿರಲೆಂದು
ವರುಷಗಳ ಕಲಿಕೆಯನು ಒಂದೊಂದೆ ನುಡಿಯಾಗಿ
ಬರಿಗೈಯ ಮದ್ದಿದನು ಬಲ್ಲವರು ನಗದಿರಲಿ
ರೆಪ್ಪೆಯನು ಮುಚ್ಚದೆಯೆ ಕಾದವರಿಗಿದು ಕಾಣ್ಕೆ
ದಣಿದ ಕೈಗಳು ನುಡಿದ ಮಾತಿಂತು ನಿಂತಿರಲಿ

ಅಡಿಪಟ್ಟಿ ಇಲ್ಲದ್ದರಿಂದ ಪೋಸ್ಟ್ ಕಾರ್ಡಿನಿಂದ ಮುಚ್ಚಿ ಓದಿದೆ. ‘ಮಾವ ಬರೆದ.’

ಕುರ್ಚಿಯಿಂದ ಎದ್ದುನಿಂತೆ. ಏಕೆ ಎದ್ದೆನೋ ಗೊತ್ತಿಲ್ಲ, ಕೋಣೆಯಲ್ಲಿ ಯಾರೂ ಇರಲಿಲ್ಲ. ಜೋರಾಗಿ ಇನ್ನೊಮ್ಮೆ ಓದಿದೆ. ‘ಇದು ಸೊಸೆಯ ಮಾತು, ಮಾವ ಬರೆದ.’

ಮುದಿವೈದ್ಯ ಸೊಸೆಯ ಪದಗಳನ್ನು ಕದ್ದು ತನ್ನ ಹೆಸರು ಹಾಕಿಕೊಂಡನೆಂದು ನೀನು ಮನಸ್ಸಿನಲ್ಲೇ ಅಂದುಕೊಂಡಿದ್ದೆ. ಬರೆಯಲಿಲ್ಲ, ಆದರೆ ಅಂದುಕೊಂಡಿದ್ದೆ. ನಾನೂ ಹಾಗೇ ಅಂದುಕೊಂಡೆ. ಅಲ್ಲ. ಅವಳಿಗೆ ಬರೆಯಲು ಬರುತ್ತಿರಲಿಲ್ಲವೆಂದು ತೋರುತ್ತದೆ. ಆದರೆ ನಮ್ಮ ಅಕ್ಷರವೆಂದರೆ ಉಲಿ, ಬಾಯಿಂದ ಹೊರಡುವ ದನಿ. ಬರೆಯಲು ಬಾರದವಳಿಗೂ ಕಿವಿಯಿರುತ್ತದೆ. ಯಾವ ಪದ ಯಾವ ಉಲಿಯಿಂದ ಶುರುವಾಗಬೇಕೆಂದು ಅವಳು ಬಾಯಲ್ಲೇ ಕಟ್ಟಿದಳು. ಅವನು ಪಕ್ಕದಲ್ಲಿ ಕೂತು ಬರೆದುಕೊಂಡ. ಹನ್ನೊಂದು ಕಡೆ ಜತನ ಎಂದವಳು ಒಂದು ಕಡೆ ಯತನ ಎಂದಾಗ ಅವನ ಲೇಖನಿ ನಿಂತಿರಬೇಕು. ನನ್ನ ಹಾಗೆ. ಆದರೆ ಅವನು ತಿದ್ದಲಿಲ್ಲ. ಹೇಳಿದ್ದನ್ನೇ ಬರೆದ. ಆಮೇಲೆ ಯಾವಾಗಲೋ ಅದು ಯಾಕೆಂದು ಅವನಿಗೆ ಹೊಳೆದಿದೆ. ಕೊನೆಯಲ್ಲಿ ತನ್ನ ಐದು ಪದ ಸೇರಿಸಿ ಉತ್ತರ ಕೊಟ್ಟಿದ್ದಾನೆ. ಅವು ಸಪ್ಪೆ ಯಾಕೆಂದರೆ ಅವು ಅವಳವಲ್ಲ, ಅವನವು. ಅವನು ಕವಿಯಲ್ಲ. ಬೇರೆಯವರು ಸೇರಿಸಿದ್ದು ಎಂದ ನನ್ನ ಕಿವಿ ಸರಿಯಾಗಿಯೇ ಇತ್ತು. ಕೈ ಮಾತ್ರ ಮಾಡಬಾರದ್ದು ಮಾಡಿತು.

ಅಷ್ಟು ವರ್ಷದ ಹಿಂದೆ ಇಬ್ಬರು ಒಂದು ಮನೆಯಲ್ಲಿ ಕೂತು ಒಬ್ಬರಿಗೊಬ್ಬರು ಹೀಗೆ ಮಾತಾಡಿಕೊಂಡರು. ನಾನು ನಡುವೆ ಬಂದು ಒಬ್ಬಳ ಬಾಯಿ ಕಟ್ಟಿದೆ, ಒಬ್ಬನ ಉತ್ತರ ಹರಿದೆ.

ಹೊಸ ಮುನ್ನುಡಿ ಇದರ ಜೊತೆ ಇದೆ. ಐದು ಪದಗಳನ್ನು ಪೂರ್ತಿಯಾಗಿ ನಕಲು ಮಾಡಿದ್ದೇನೆ. ಮೊದಲ ಅಧ್ಯಾಯದ ಐದನೆಯ ಪದದಲ್ಲಿ ‘ಯತನ’ ಹಾಕು. ತಪ್ಪು ಯಾರದೆಂದು ಮುನ್ನುಡಿಯಲ್ಲಿ ಸ್ಪಷ್ಟವಾಗಿ ಬರೆದಿದ್ದೇನೆ, ಅದನ್ನು ಮೆದು ಮಾಡಲು ಯಾರಾದರೂ ಹೇಳಿದರೆ ಒಪ್ಪಬೇಡ. ಕಂಡುಹಿಡಿದವಳು ನೀನೆಂದೂ ಬರೆದಿದ್ದೇನೆ.

ಮಗನಿಗೆ ಏನು ಬರೆಯಬೇಕೆಂದು ಹುಡುಕುತ್ತಿದ್ದೇನೆ. ಸಿಕ್ಕಿಲ್ಲ. ಈ ಪತ್ರವನ್ನು ಅವನಿಗೆ ತೋರಿಸಬೇಕೆಂದು ನಿನಗನ್ನಿಸಿದರೆ ತೋರಿಸು.

ಮಾವ

ಜೂನ್ ೧

ಪೂಜ್ಯ ಮಾವನವರಿಗೆ,

ನಿಮ್ಮ ಪತ್ರವನ್ನು ಪ್ರೆಸ್ಸಿನ ಮೆಟ್ಟಿಲ ಮೇಲೆ ನಿಂತೇ ಓದಿದೆ. ಯಂತ್ರದವರು ಎರಡು ಸಲ ಪಕ್ಕಕ್ಕೆ ಸರಿಯಿರಿ ಎಂದರು, ಸರಿಯಲಿಲ್ಲವಂತೆ ನಾನು. ನೀವು ಹೇಳಿದ್ದು ನಿಜ. ಮುದಿವೈದ್ಯನನ್ನು ನಾನು ಮನಸ್ಸಿನಲ್ಲೇ ಕಳ್ಳನೆಂದು ಬೈದಿದ್ದೆ. ಯಾರಿಗೂ ತಿಳಿಯದ ತಪ್ಪಿಗೆ ಯಾರಲ್ಲಿ ಕ್ಷಮೆ ಕೇಳುವುದು?

ಪ್ರೆಸ್ಸಿನ ಯಜಮಾನರಿಗೆ ಎಲ್ಲ ಹೇಳಿಬಿಟ್ಟೆ, ನಾನು ನಿಮ್ಮ ಸೊಸೆಯೆಂಬುದನ್ನೂ ಸೇರಿಸಿ. ಅವರು ಕನ್ನಡಕವನ್ನು ಹಣೆಗೇರಿಸಿ, “ಮುದಿವೈದ್ಯ ಅಂದ್ರೆ ಜನಕ್ಕೆ ಗೊತ್ತು. ಸೊಸೆ ಅಂದ್ರೆ ಯಾರ ಸೊಸೆ ಅಂತ ಕೇಳ್ತಾರಮ್ಮ” ಅಂದರು. “ಕೇಳ್ಲಿ ಬಿಡಿ, ಕೇಳ್ಲಿ ಅಂತಾನೇ ಅಲ್ವಾ ಅವಳು ಬಚ್ಚಿಟ್ಟಿದ್ದು” ಅಂದೆ. ಅವರು ಅಡಿಪಟ್ಟಿ ತರಿಸಿ, ತಾವೇ ಮುಚ್ಚಿ, ಮೇಲಿಂದ ಕೆಳಕ್ಕೆ ಓದಿದರು. ಇನ್ನೊಮ್ಮೆ ಓದಿದರು. ಯಂತ್ರದವರನ್ನು ಕರೆದು ಅವರ ಕೈಲೂ ಓದಿಸಿದರು. ಅಲ್ಲಿಗೆ ವಾದ ಮುಗಿಯಿತು. ಮೊದಲ ಪುಟದಲ್ಲಿ ಹೀಗೆ ಅಚ್ಚಾಗುತ್ತದೆ: ‘ಆರೈಕೆಯ ಪದಗಳು. ಸೊಸೆ ಹೇಳಿದ್ದು, ಮಾವ ಬರೆದದ್ದು.’

ನನ್ನನ್ನು ಈಗಲೂ ಒಂದು ಪ್ರಶ್ನೆ ಬಿಡುತ್ತಿಲ್ಲ. ಅವನು ಕೊನೆಯ ಐದು ಪದ ಬರೆದು ಅವಳಿಗೆ ಓದಿ ಹೇಳಿದನೇ? ಓದಿದ್ದರೆ ಅವಳ ಕಿವಿಗೆ ತಕ್ಷಣ ತಿಳಿದಿರುತ್ತದೆ. ತಿಳಿದು ಏನಂದಿರಬಹುದು? ಮುಖ ನೋಡಿ ಸುಮ್ಮನೆ ನಕ್ಕಿರಬಹುದೇ? ಇದಕ್ಕೆ ಯಾವ ಗ್ರಂಥಾಲಯದಲ್ಲೂ ಉತ್ತರವಿಲ್ಲ, ಗೊತ್ತು. ಆದರೂ ತಟ್ಟೆ ತೊಳೆಯುವಾಗ, ಬಸ್ಸಿಗೆ ಕಾಯುವಾಗ ಅದೇ ಕೇಳಿಕೊಳ್ಳುತ್ತಿರುತ್ತೇನೆ.

ನಿಮ್ಮ ಪತ್ರವನ್ನು ನಿಮ್ಮ ಮಗನಿಗೆ ತೋರಿಸಿದೆ. ಓದಿ ಮಡಿಸಿ ನನ್ನ ಕೈಗೇ ಕೊಟ್ಟರು. ಮರುದಿನ ಪುಸ್ತಕದ ಕರಡನ್ನು ಕೇಳಿ ತೆಗೆದುಕೊಂಡು ಕೆಲಸಕ್ಕೆ ಹೋದರು. ಲಿಫ್ಟಿನ ಯಂತ್ರದ ಕೋಣೆಯಲ್ಲಿ ಕೂತು ಓದುತ್ತಿದ್ದರಂತೆ. ಜೊತೆಯವರು ಏನದು ಎಂದು ಕೇಳಿದ್ದಕ್ಕೆ “ನಮ್ಮ ಮನೇದು” ಅಂದರಂತೆ. ನಾಲ್ಕನೇ ಅಧ್ಯಾಯದ ಒಂದು ಹಾಳೆಯ ಮೇಲೆ ಎಣ್ಣೆಯ ಹೆಬ್ಬೆಟ್ಟಿನ ಗುರುತು ಬಿದ್ದಿದೆ.

ನಿನ್ನೆ ನಿಮ್ಮ ವಿಳಾಸ ಕೇಳಿದರು. ಒಂದು ಚೀಟಿಯಲ್ಲಿ ಬರೆದುಕೊಟ್ಟೆ.

ನಿಮ್ಮ ಸೊಸೆ

ಜೂನ್ ೯

ಅಪ್ಪಾ,

ಪುಸ್ತಕ ಓದಿದೆ. ಓದೋಕೆ ಹನ್ನೆರಡು ದಿನ ಆಯ್ತು. ಹಳೇ ಮಾತು ಅರ್ಥ ಆಗದ ಕಡೆ ಇವಳನ್ನ ಕೇಳಿದೆ.

ನಾಲ್ಕನೇ ಅಧ್ಯಾಯದಲ್ಲಿ ಒಂದು ಸಾಲಿದೆ. ‘ಹಿಮ್ಮಡಿಯ ಕೆಳಗೊಂದು ಮಡಿಸಿಟ್ಟ ಮೃದು ಬಟ್ಟೆ’. ಅದನ್ನ ಓದಿದಾಗ ನಾನು ಕೆಲಸ ನಿಲ್ಲಿಸಿ ಅದೇ ಸಾಲನ್ನ ಮತ್ತೆ ಮತ್ತೆ ಓದಿದೆ. ಅಮ್ಮ ಮಲಗಿದ್ದ ಎಂಟು ತಿಂಗಳೂ ನೀವು ಅವಳ ಹಿಮ್ಮಡಿ ಕೆಳಗೆ ಬಟ್ಟೆ ಮಡಿಸಿ ಇಡ್ತಿದ್ರಿ. ದಿನಕ್ಕೆ ನಾಲ್ಕು ಸಲ ಬದಲಾಯಿಸ್ತಿದ್ರಿ. ನನ್ನ ಕೈಲೂ ಮಾಡಿಸಿದ್ರಿ. ಮೂರು ಮಡಿಕೆ, ಗಂಟು ಬರಬಾರ್ದು ಅಂತಿದ್ರಿ. ಬೇರೆಯವರ ಮನೇಲಿ ಕಾಯಿಲೆಯವರಿಗೆ ಹುಣ್ಣಾಗ್ತಿತ್ತು, ಅಮ್ಮನಿಗೆ ಒಂದು ಸಲಾನೂ ಆಗ್ಲಿಲ್ಲ. ಡಾಕ್ಟರು ಆಶ್ಚರ್ಯ ಪಟ್ಟಿದ್ದು ನೆನಪಿದೆ ನನಗೆ.

ಅದೆಲ್ಲ ನೀವು ಈ ಪುಸ್ತಕದಿಂದ ಕಲ್ತಿದ್ದು ಅಂತ ನನಗೆ ಗೊತ್ತಿರ್ಲಿಲ್ಲ. ನೀವು ಅದರ ಅಕ್ಷರ ಮಾತ್ರ ನೋಡಿದ್ರಿ ಅಂದ್ಕೊಂಡಿದ್ದೆ.

ಒಂದು ವಿಷಯ ಕೇಳ್ಬೇಕು. ಅಮ್ಮ ಹೋದ ದಿನ ನಾನು ಶಾಲೇಲಿದ್ದೆ. ವಾಪಸ್ ಬರೋ ಹೊತ್ತಿಗೆ ಎಲ್ಲ ಮುಗಿದಿತ್ತು. ಕೊನೇಲಿ ಅವಳು ಏನಾದ್ರೂ ಹೇಳಿದ್ಲಾ? ನೀವೊಬ್ಬರೇ ಇದ್ರಿ ಹತ್ರ. ಇಪ್ಪತ್ನಾಲ್ಕು ವರ್ಷ ಆಯ್ತು, ನಾನು ಕೇಳ್ಲಿಲ್ಲ, ನೀವು ಹೇಳ್ಲಿಲ್ಲ.

ಕಾಗದದಲ್ಲಿ ಬರೀಬೇಡಿ. ಬರೋ ಭಾನುವಾರ ಹತ್ತು ಗಂಟೆ ಬಸ್ಸಿಗೆ ನಾವಿಬ್ಬರೂ ಬರ್ತಿದ್ದೀವಿ. ಎದುರಿಗೆ ಕೂತ್ಕೊಂಡು ಹೇಳಿ.

ನಿಮ್ಮ ಮಗ